ಟೈಟ್ ಮಾಡ್ಬೇಡ್ರೀ, ಅಳತೆ ಮಾಡ್ರೀ

ಗಾಡಿ ವಿಷಯ ಬಂದರೆ ನಮ್ಮ ಪೀಳಿಗೆಗೆ ಗೊತ್ತಿಲ್ಲದ್ದು ಏನೂ ಇಲ್ಲ. ಯಾವ ಬೈಕಿಗೆ ಎಷ್ಟು ಸಿಸಿ, ಎಷ್ಟು ಟಾರ್ಕ್, ಯಾವುದಕ್ಕೆ ಸ್ಲಿಪ್ಪರ್ ಕ್ಲಚ್ ಇದೆ, ಯಾವುದಕ್ಕೆ ಬ್ಲೂಟೂತ್ ಇದೆ, ಎಲ್ಲವನ್ನೂ ಆಫೀಸ್ ಕ್ಯಾಂಟೀನಿನಲ್ಲಿ ಕಾಫಿ ಆರುವುದರೊಳಗೆ ಹೇಳಿ ಮುಗಿಸ್ತೀವಿ. ಅದೇ ಟೇಬಲ್ಲಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: "ನಿನ್ನ ಗಾಡಿಯ ಚೈನ್ ಎಷ್ಟು ಸಡಿಲ ಇರಬೇಕು?" ಅರ್ಧ ಜನ ಸುಮ್ಮನೆ ಮುಖ ನೋಡ್ತಾರೆ. ಉಳಿದವರು, "ಸಡಿಲ ಯಾಕಿರಬೇಕು? ಟೈಟಾಗಿರಬೇಕು" ಅಂತಾರೆ. ಮೊದಲನೆಯವರದ್ದು ಬರೀ ಅಜ್ಞಾನ, ಐದು ನಿಮಿಷದಲ್ಲಿ ವಾಸಿಯಾಗುತ್ತೆ. ಎರಡನೆಯವರದ್ದು ನಂಬಿಕೆ. ನನ್ನ ಜಗಳ ಇರೋದು ಈ ನಂಬಿಕೆಯ ಜೊತೆ.

ಬಿಗಿ ಅಂದ್ರೆ ಭದ್ರ ಅನ್ನೋದು ನಮ್ಮ ತಲೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, ಗ್ಯಾರೇಜಿಗೆ ಹೋದವರು ಹೇಳೋದೇ "ಚೈನ್ ಸ್ವಲ್ಪ ಟೈಟ್ ಮಾಡಪ್ಪ" ಅಂತ. "ಚೈನ್ ಎಷ್ಟು ಆಡ್ತಿದೆ ನೋಡಪ್ಪ" ಅಂತ ಯಾರೂ ಹೇಳಲ್ಲ. ಆದರೆ ಚೈನಿಗೆ ಬೇಕಾಗಿರುವುದು ಅಳತೆ ಹಿಡಿದ ಸಡಿಲ. ನೂರು, ನೂರಿಪ್ಪತ್ತೈದು ಸಿಸಿಯ ಎಷ್ಟೋ ಗಾಡಿಗಳಲ್ಲಿ ಅದು 20ರಿಂದ 30 ಮಿಲಿಮೀಟರ್ ಆಸುಪಾಸು ಇರುತ್ತೆ. ಅಂದ್ರೆ ಕೆಳಗಿನ ಚೈನನ್ನು ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್‌ಗಳ ನಡುಮಧ್ಯದಲ್ಲಿ ಬೆರಳಿನಿಂದ ಎತ್ತಿ ಇಳಿಸಿದರೆ ಒಟ್ಟು ಒಂದು ಅಂಗುಲದಷ್ಟು ಆಡಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಪುಸ್ತಕದಲ್ಲಿದೆ. ಕೆಲವು ಗಾಡಿಗಳಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತೆ. ನಾವು ಅದರ ಮೇಲೆ ಕೆಸರು ಮೆತ್ತಿಸಿಕೊಂಡು ಓಡಾಡ್ತಿರ್ತೀವಿ, ಅಷ್ಟೇ.

ಸಡಿಲ ಯಾಕೆ ಬೇಕು? ಹಿಂದಿನ ಚಕ್ರ ಕೂತಲ್ಲೇ ಕೂತಿರಲ್ಲ. ಗುಂಡಿ ಬಂದಾಗ, ಹಿಂದೆ ಯಾರಾದರೂ ಹತ್ತಿದಾಗ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡುತ್ತೆ. ಅದು ಆಡುವ ಕೀಲು ಮುಂದಿನ ಸ್ಪ್ರಾಕೆಟ್‌ನ ನಡುವಿನಲ್ಲಿಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ಇದೆ. ಹೀಗಾಗಿ ಚಕ್ರ ಮೇಲೆ ಕೆಳಗೆ ಆಡಿದಂತೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರವೂ ಬದಲಾಗುತ್ತೆ. ಮುಂದಿನ ಸ್ಪ್ರಾಕೆಟ್, ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಎಲ್ಲಕ್ಕಿಂತ ಹೆಚ್ಚು. ಖಾಲಿ ಗಾಡಿ ಸ್ಟ್ಯಾಂಡ್ ಮೇಲೆ ನಿಂತಾಗ ಸಾಮಾನ್ಯವಾಗಿ ಅವು ಒಂದು ಗೆರೆಯಲ್ಲಿರಲ್ಲ. ಭಾರ ಬಿದ್ದಾಗಲೇ ಆ ಗೆರೆಗೆ ಬರೋದು. ನೀವು ಬಿಟ್ಟಿರುವ ಒಂದಂಗುಲ ಆ ಗಳಿಗೆಗೆ ಅಂತ ಎತ್ತಿಟ್ಟ ಗಂಟು. ಅದನ್ನು ಮೊದಲೇ "ಟೈಟ್" ಮಾಡಿ ಖರ್ಚು ಮಾಡಿಬಿಟ್ಟರೆ ಗುಂಡಿ ಬಂದಾಗ ಕೊಡೋಕೆ ಚೈನಿನ ಹತ್ತಿರ ಏನೂ ಉಳಿದಿರಲ್ಲ. ಅದೇನು ರಬ್ಬರಾ, ಎಳೆದರೆ ಉದ್ದವಾಗೋಕೆ? ಆಗ ಅದು ಗೇರ್‌ಬಾಕ್ಸಿನ ಶಾಫ್ಟನ್ನೇ ಎಳೆಯುತ್ತೆ, ಹಿಂದಿನ ಹಬ್ಬಿನ ಬೇರಿಂಗನ್ನು ಎಳೆಯುತ್ತೆ. ಮುಂದಿನ ಸ್ಪ್ರಾಕೆಟ್ ಹಿಂದೆ ಆಯಿಲ್ ಸೀಲ್ ಜಿನುಗೋಕೆ ಶುರುವಾಗುತ್ತೆ, ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯ ಹಾಗೆ ಬಾಗುತ್ತವೆ. ಕಡೆಗೆ ಒಂದು ದಿನ ಚೈನೇ ಹರಿಯುತ್ತೆ. ಓಡುವಾಗ ಹರಿದ ಚೈನ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಚಕ್ರ ಲಾಕ್ ಆಗಬಹುದು, ಎಂಜಿನ್ನಿನ ಕೇಸನ್ನೇ ಒಡೆಯಬಹುದು.

ತೀರಾ ಸಡಿಲವಾದರೂ ಅಪಾಯವೇ, ಚೈನ್ ಸ್ಪ್ರಾಕೆಟ್ ಬಿಟ್ಟು ಕಳಚುತ್ತೆ. ಆದರೆ ಸಡಿಲ ಚೈನ್ ಬಾಯಿ ಬಿಟ್ಟು ಹೇಳುತ್ತೆ. ಕಟಕಟ ಅಂತ ಕವರಿಗೆ ಬಡಿಯುತ್ತೆ, ಆಕ್ಸಿಲರೇಟರ್ ಕೊಟ್ಟಾಗ ಜಗ್ಗುತ್ತೆ. ವಿಪರೀತ ಬಿಗಿಯಾದ ಚೈನ್ ಶುರುವಿನಲ್ಲಿ ಹೆಚ್ಚು ಸದ್ದು ಮಾಡಲ್ಲ. ಸದ್ದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂದುಕೊಳ್ಳುವ ನಮಗೆ ಅದು ಚೆನ್ನಾಗಿಯೇ ಕಾಣುತ್ತೆ.

ಈ ಲೆಕ್ಕವನ್ನು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಬ್ಬರೇ, ಬೆನ್ನಿಗೊಂದು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೋಗುವಾಗ ಅರ್ಥ ಮಾಡಿಕೊಳ್ಳೋದು ಕಷ್ಟ. ಅದಕ್ಕೆ ದಾವಣಗೆರೆ ಜಿಲ್ಲೆಯ ಕಡೆ ಬನ್ನಿ. ಚನ್ನಗಿರಿಯಲ್ಲಿ ಬೈಕು ತೋಟಕ್ಕೂ ಹೋಗಬೇಕು, ಅಡಿಕೆ ಮೂಟೆಯನ್ನೂ ಹೊರಬೇಕು. ಭದ್ರಾ ನಾಲೆಯ ಕೆಳಗಿನ ಗದ್ದೆ ಬದುವಿನಲ್ಲಿ ಕೆಸರು ಚೈನಿಗೆ ಮೆತ್ತಿಕೊಂಡು, ಒಣಗಿ, ಉಪ್ಪುಕಾಗದದ ಹಾಗೆ ಉಜ್ಜುತ್ತೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮರಳು ಇದೆ. ಅಲ್ಲಿಂದ ನ್ಯಾಮತಿ ಕಡೆ ಹೊರಟರೆ ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತ ಗಾಡಿಗಳು. ರಸ್ತೆ ಮೇಲೆಯೇ ಒಕ್ಕಣೆಗೆ ಹರವಿದ ಹುಲ್ಲು ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತೆ. ಜಗಳೂರಿನದ್ದು ಬೇರೆಯೇ ಕಥೆ. ಒಣ ಸೀಮೆ, ಧೂಳು. ಎಣ್ಣೆ ಹಚ್ಚಿದ ಚೈನಿಗೆ ಆ ಧೂಳು ಕೂತು ಅರೆಯುವ ಹಿಟ್ಟಾಗುತ್ತೆ. ನಾಲ್ಕು ತಾಲ್ಲೂಕಿನಲ್ಲಿ ನಾಲ್ಕು ಥರದ ಕಾಟ. ಆದರೆ ನಾಲ್ಕೂ ಕಡೆ ಒಂದು ವಿಷಯ ಸಮಾನ: ಬೈಕಿನ ಮೇಲೆ ಒಬ್ಬರೇ ಹೋಗುವುದು ಅಪರೂಪ. ಇಬ್ಬರು, ಮೂವರು, ಮುಂದೆ ಟ್ಯಾಂಕಿನ ಮೇಲೆ ಮಗು, ಇಲ್ಲವೇ ಹಿಂದೆ ಗೊಬ್ಬರದ ಚೀಲ. ಆ ಮೂರು ಕೇಂದ್ರಗಳು ಒಂದೇ ಗೆರೆಗೆ ಬರುವುದು ಇಲ್ಲಿ ದಿನಾ ನಡೆಯುವ ಸಂಗತಿ.

ಈ ಗಾಡಿಗಳಲ್ಲಿ ಎಷ್ಟೋ ನಮ್ಮವೇ. ನಾವು ಬೆಂಗಳೂರಲ್ಲಿ ಐದಾರು ವರ್ಷ ಓಡಿಸಿ, ಹೊಸದು ಬುಕ್ ಮಾಡಿದ ಮೇಲೆ, "ಹಳೇದು ಊರಲ್ಲಿರಲಿ, ಅಪ್ಪಾಜಿಗೆ ತೋಟಕ್ಕೆ ಹೋಗೋಕಾಗುತ್ತೆ" ಅಂತ ಕಳಿಸಿದವು. ದೊಡ್ಡ ಉಪಕಾರ ಮಾಡಿದ ಹಾಗೆ ಇನ್‌ಶೂರೆನ್ಸ್ ಕಟ್ಟಿ, ವಾಟರ್ ವಾಶ್ ಮಾಡಿಸಿ, ಟ್ರಾನ್ಸ್‌ಪೋರ್ಟಿಗೆ ಹಾಕಿರ್ತೀವಿ. ಸವೆದು ಉದ್ದವಾದ ಚೈನನ್ನು ಅಡ್ಜಸ್ಟರಿನ ಕೊನೇ ಗೆರೆಯವರೆಗೆ ಎಳೆದು ಟೈಟ್ ಮಾಡಿಸಿರ್ತೀವಿ. ಚೈನ್ ಸ್ಪ್ರಾಕೆಟ್ ಕಿಟ್ ಹಾಕಿಸಬೇಕಿತ್ತು, ಹಾಕಿಸಿರಲ್ಲ. ಈ ಕಡೆ ನಮ್ಮ ಹೊಸ ಗಾಡಿಗೆ ಹೆಲ್ಮೆಟ್ ಕ್ಯಾಮೆರಾ ಬರುತ್ತೆ. ಆ ಕಡೆ ಅರವತ್ತು ದಾಟಿದ ಮನುಷ್ಯ ಹಿಂದೆ ಅಮ್ಮನ್ನ ಕೂರಿಸಿಕೊಂಡು, ಕೈಯಲ್ಲಿ ಚೀಲ ನೇತುಹಾಕಿಕೊಂಡು, ಸಂತೆಗೆ ಹೊರಡ್ತಾರೆ. ಈ ಬರಹದಲ್ಲಿ ನನಗೆ ಕೋಪ ಬರೋದು ಇಲ್ಲಿ. ನಮ್ಮ ಅಸಡ್ಡೆಯ ಬಿಲ್ಲು ನಮಗೆ ಬರಲ್ಲ, ಊರಿಗೆ ಹೋಗುತ್ತೆ.

ಹಾಗಂತ ಊರಿನ ಗ್ಯಾರೇಜಿನವರನ್ನು ಹೊತ್ತು ಮೆರೆಸೋಕೆ ಹೊರಟಿಲ್ಲ. ಎರಡು ಸ್ಪ್ಯಾನರ್, ಒಂದು ಹೆಬ್ಬೆರಳಲ್ಲಿ ಲೋಕದ ಎಲ್ಲಾ ಗಾಡಿ ರಿಪೇರಿ ಮಾಡ್ತಾರೆ ಅನ್ನುವ ಹಳ್ಳಿ-ಮೇಧಾವಿ ಕಥೆಗಳನ್ನು ನಾವು ಬೇಕಾದಷ್ಟು ಲೈಕ್ ಒತ್ತಿದ್ದೇವೆ. ಹೆಬ್ಬೆರಳಿನ ಅಂದಾಜು ಕೆಲವರದ್ದು ನಿಜಕ್ಕೂ ಸ್ಕೇಲಿನಷ್ಟು ಸರಿ ಇರುತ್ತೆ. ಇನ್ನು ಕೆಲವರು ಒಂದು ಪಕ್ಕದ ಅಡ್ಜಸ್ಟರ್ ಎರಡು ಸುತ್ತು, ಇನ್ನೊಂದು ಪಕ್ಕದ್ದು ಒಂದೂವರೆ ಸುತ್ತು ತಿರುಗಿಸಿ, ಚಕ್ರ ಸೊಟ್ಟ ಕೂರಿಸಿ ಕಳಿಸ್ತಾರೆ. ಅವರಿಗೂ ಒಂದು ಒತ್ತಡ ಇದೆ, ಅದು ನಾವೇ ಹಾಕಿದ್ದು. ಅಳತೆ ಪ್ರಕಾರ ಒಂದಂಗುಲ ಬಿಟ್ಟು ಕೊಟ್ಟರೆ ಗಿರಾಕಿ ಚೈನ್ ಎತ್ತಿ ನೋಡಿ, "ಏನಪಾ, ಇನ್ನೂ ಲೂಸೇ ಐತಲ್ಲೋ" ಅಂತಾನೆ. ನಾಳೆ ಆತ ಪಕ್ಕದ ಗ್ಯಾರೇಜಿಗೆ ಹೋಗ್ತಾನೆ. ಟೈಟ್ ಮಾಡಿಕೊಟ್ಟರೆ ಸಂತೋಷವಾಗಿ ದುಡ್ಡು ಕೊಟ್ಟು ಹೋಗ್ತಾನೆ, ಬೇರಿಂಗ್ ಹೋದಾಗ ಮತ್ತೆ ಬರ್ತಾನೆ. ಸರಿಯಾದ ಕೆಲಸ ಮಾಡಿದವನಿಗೆ ಬೈಗುಳ, ತಪ್ಪು ಮಾಡಿದವನಿಗೆ ಎರಡು ಸಲ ವ್ಯಾಪಾರ. ಇದನ್ನು ಸರಿಮಾಡೋಕೆ ಮೆಕ್ಯಾನಿಕ್ಕಿಗೆ ತರಬೇತಿ ಕೊಟ್ಟರೆ ಸಾಲದು. ಗಿರಾಕಿಗೂ ಅಂಕಿ ಗೊತ್ತಿರಬೇಕು.

ಇನ್ನು ಕಂಪನಿಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಚೈನ್ ಪೂರ್ತಿ ಮುಚ್ಚಿರುತ್ತಿತ್ತು. 1994ರಲ್ಲಿ ಬಂದ ಸ್ಪ್ಲೆಂಡರಿಗೂ ಪೂರ್ತಿ ಚೈನ್ ಕವರ್ ಇದೆ. ಅದರಲ್ಲೊಂದು ರಬ್ಬರ್ ಬಿರಡೆ, ತೆಗೆದು ಬೆರಳು ಹಾಕಿ ಚೈನ್ ಎಷ್ಟು ಆಡುತ್ತೆ ನೋಡಬಹುದು. ನೋಡೋಕೆ ಅಂದಗೇಡಿ, ಸರಿ. ಆದರೆ ಜಗಳೂರಿನ ಧೂಳಿಗೂ ಚನ್ನಗಿರಿಯ ಕೆಸರಿಗೂ ಅದು ಉತ್ತರ. ಸ್ಪೋರ್ಟಿಯಾಗಿ ಕಾಣಬೇಕು ಅಂತ ಆಸೆಪಟ್ಟ ನಮ್ಮಂಥವರಿಗಾಗಿ ಎಷ್ಟೋ ಗಾಡಿಗಳಲ್ಲಿ ಆ ಕವರ್ ಅರ್ಧವಾಯಿತು, ಆಮೇಲೆ ಒಂದು ಪಟ್ಟಿಯಷ್ಟಾಯಿತು. ಚೈನ್ ಬಯಲಿಗೆ ಬಂತು, ಅದನ್ನು ನೋಡಿಕೊಳ್ಳುವ ತಿಳಿವಳಿಕೆ ಮಾತ್ರ ಜೊತೆಗೆ ಬರಲಿಲ್ಲ. ಗಾಡಿ ಜೊತೆ ಬರುವ ಪುಸ್ತಕ ಎಷ್ಟೋ ಸಲ ಇಂಗ್ಲಿಷಿನಲ್ಲೇ ಇರುತ್ತೆ. ಜಗಳೂರಿನ ಶೋರೂಮಿನಲ್ಲಿ ಕನ್ನಡದಲ್ಲಿ ಸಾಲ ಕೊಡೋಕೆ ಬರುತ್ತೆ, ಕನ್ನಡದಲ್ಲಿ ಬ್ಯಾನರ್ ಕಟ್ಟೋಕೆ ಬರುತ್ತೆ, "ಚೈನ್ ಇಷ್ಟು ಮಿಲಿಮೀಟರ್ ಆಡಬೇಕು" ಅಂತ ಒಂದು ಸಾಲು ಕನ್ನಡದಲ್ಲಿ ಅಚ್ಚು ಹಾಕೋಕೆ ಬರಲ್ವಾ?

"ಇದಕ್ಕೆಲ್ಲಾ ಬೆಲ್ಟ್ ಡ್ರೈವ್ ಬಂದಿದೆಯಲ್ಲ ಗುರೂ" ಅನ್ನುವವರು ಈಗ ಎದ್ದು ನಿಲ್ತಾರೆ. ಬಂದಿದೆ. ಹಾರ್ಲೆಯ ದೊಡ್ಡ ಗಾಡಿಗಳಲ್ಲಿ ಬೆಲ್ಟ್ ಇದೆ. ಬೆಂಗಳೂರಲ್ಲಿ 2018ರಲ್ಲಿ ಹೊರಬಂದ ಏಥರ್ 450 ಸ್ಕೂಟರಿನಲ್ಲೂ ಮೋಟಾರಿನಿಂದ ಚಕ್ರಕ್ಕೆ ಬೆಲ್ಟೇ. ಎಣ್ಣೆ ಬೇಡ, ಸದ್ದಿಲ್ಲ, ಪ್ಯಾಂಟಿಗೆ ಕಪ್ಪು ಮೆತ್ತಲ್ಲ. ಒಳ್ಳೆಯ ವ್ಯವಸ್ಥೆ. ನನ್ನ ತಕರಾರು ಬೆಲ್ಟಿನ ಮೇಲಲ್ಲ, ಅದರ ಜೊತೆ ಮಾರುವ "ಮೇಂಟೆನೆನ್ಸ್ ಫ್ರೀ" ಅನ್ನುವ ಎರಡು ಪದದ ಮೇಲೆ. ಬೆಲ್ಟಿಗೂ ಬಿಗಿತದ ಅಂಕಿ ಇದೆ. ಹಾರ್ಲೆಯಲ್ಲಿ ಬೆಲ್ಟಿನ ನಡುಮಧ್ಯಕ್ಕೆ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕೆಜಿ, ಒತ್ತಡ ಹಾಕಿ ಎಷ್ಟು ಬಾಗುತ್ತೆ ಅಂತ ಅಳೀತಾರೆ. ಅದಕ್ಕೆಂದೇ ಒಂದು ಗೇಜು ಇದೆ. ಕೆಲವು ಬೆಲ್ಟುಗಳನ್ನು ತಂತಿಯ ಹಾಗೆ ಮೀಟಿ, ಸದ್ದಿನ ಹರ್ಟ್ಜ್ ಲೆಕ್ಕದಲ್ಲಿ ಬಿಗಿತ ಹಿಡೀತಾರೆ. ಅದೂ ಬೆಲ್ಟು ತಣ್ಣಗಿದ್ದಾಗ. ಮಡಚಿದರೆ ಒಳಗಿನ ದಾರಗಳು ಮುರಿಯುತ್ತವೆ. ಎಣ್ಣೆ, ಗ್ರೀಸ್ ತಾಗಿಸಬಾರದು. ಬೆಲ್ಟಿಗೂ ಪುಲ್ಲಿಗೂ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿದರೆ ಬೆಲ್ಟೇ ತೂತು. ನ್ಯಾಮತಿ ಕಡೆಯ ಜಲ್ಲಿ ರಸ್ತೆಯಲ್ಲಿ ಓಡಿಸುವವರಿಗೆ ಇದನ್ನು ಯಾರು ಹೇಳಬೇಕು? ಅಂದಹಾಗೆ ಹಾರ್ಲೆಯವರೇ ಹೀರೋ ಜೊತೆ ಸೇರಿ 2023ರಲ್ಲಿ ಇಲ್ಲಿ ತಂದ ಎಕ್ಸ್440 ಗಾಡಿಗೆ ಹಾಕಿದ್ದು ಚೈನು.

ಬೆಲ್ಟು ನಮ್ಮ ಕಡೆಗೆ ಹೊಸದೇನಲ್ಲ. ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿತ್ತು, ಬಟ್ಟೆ ಗಿರಣಿಗಳ ದೆಸೆಯಿಂದ. ಅಸಲಿ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಹಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನಿನ ವಂಶದ್ದೇ ಇವತ್ತು ನಿಮ್ಮ ಬೈಕಿನಲ್ಲಿ ಓಡ್ತಿರೋದು. ಆ ಗಿರಣಿಗಳ ಕಾಲ ಮುಗಿಯಿತು. ಆದರೆ ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಇನ್ನೂ ಓಡ್ತಿದೆ. ಗಿರಣಿ ನಡೆಸುವವರನ್ನು ಕೇಳಿ. ಬೆಲ್ಟು ಸಡಿಲಾದರೆ ಜಾರುತ್ತೆ, ಹಿಟ್ಟು ದಪ್ಪ ಬೀಳುತ್ತೆ. ಹೆಚ್ಚು ಬಿಗಿ ಮಾಡಿದರೆ ಮೋಟಾರಿನ ಬೇರಿಂಗ್ ತಿನ್ನುತ್ತೆ. ಮೋಟಾರ್ ಕೆಟ್ಟರೆ ಆ ದಿನದ ದುಡಿಮೆ ಹೋಯಿತು. ಆದ್ದರಿಂದ ಅವರು ದಿನಾ ನೋಡ್ತಾರೆ. ಅವರಿಗೆ ಯಾರೂ "ಮೇಂಟೆನೆನ್ಸ್ ಫ್ರೀ" ಅಂತ ಹೇಳಿ ಗಿರಣಿ ಮಾರಿಲ್ಲ.

ಈಗ ಎರಡು ಆಕ್ಷೇಪ ಬರ್ತವೆ ಅಂತ ಗೊತ್ತು. ಮೊದಲನೆಯದು: "ದುಡ್ಡು ಕೊಟ್ಟು ಸರ್ವೀಸ್ ಮಾಡಿಸ್ತೀನಿ, ನಾನ್ಯಾಕೆ ಕಲೀಬೇಕು?" ಮಾಡಿಸಿ, ಬೇಡ ಅಂದವರು ಯಾರು? ಆದರೆ ಪ್ರೊಡಕ್ಷನ್ ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ಓದುವ ನಾವು, ಬೇರೆ ತಂಡ "ಸರಿ ಮಾಡಿದ್ದೀವಿ" ಅಂದರೆ ಡ್ಯಾಶ್‌ಬೋರ್ಡ್ ನೋಡದೆ ಒಪ್ಪಿಕೊಳ್ತೀವಾ? ಸರ್ವೀಸ್ ಸೆಂಟರಿನ ಕಾಗದದಲ್ಲಿ "ಚೈನ್ ಅಡ್ಜಸ್ಟ್" ಅಂತ ಒಂದು ಟಿಕ್ ಇರುತ್ತೆ. ಎಷ್ಟಿತ್ತು, ಎಷ್ಟು ಮಾಡಿದಿರಿ ಅನ್ನೋದು ಇರಲ್ಲ. ಆ ಎರಡು ಅಂಕಿ ಕೇಳೋಕೆ ನೀವು ಮೆಕ್ಯಾನಿಕ್ ಆಗಬೇಕಾಗಿಲ್ಲ, ಗಿರಾಕಿಯಾಗಿದ್ದರೆ ಸಾಕು. ಮತ್ತೆ, ಚೈನ್ ಒಂದು ಸರ್ವೀಸಿನಿಂದ ಇನ್ನೊಂದು ಸರ್ವೀಸಿನವರೆಗೆ ಕಾಯಲ್ಲ. ಮಳೆಗಾಲದಲ್ಲಂತೂ ವಾರಗಳಲ್ಲೇ ಬದಲಾಗುತ್ತೆ.

ಎರಡನೆಯದು ಇನ್ನೂ ಗಟ್ಟಿಯಾದ ಮಾತು: "ಗೊತ್ತಿಲ್ಲದವರು ಕೈ ಹಾಕಿದರೆ ಅಪಾಯ. ಆಕ್ಸಲ್ ನಟ್ ಸರಿಯಾಗಿ ಬಿಗಿಯದಿದ್ದರೆ?" ನಿಜ. ಆದ್ದರಿಂದಲೇ ಅಳೆಯೋದನ್ನೂ ಬಿಚ್ಚೋದನ್ನೂ ಬೇರೆ ಬೇರೆ ಮಾಡಿ. ಅಳೆಯೋದು ಎಲ್ಲರ ಕೆಲಸ. ಬಿಚ್ಚೋದು ಕಲಿತವರ ಕೆಲಸ, ಕಲಿಯೋಕೆ ಮನಸ್ಸಿದ್ದರೆ ಅದೂ ಬ್ರಹ್ಮವಿದ್ಯೆಯೇನಲ್ಲ.

ಅಳೆಯೋದು ಹೀಗೆ. ಎಂಜಿನ್ ಆಫ್, ಗಾಡಿ ನ್ಯೂಟ್ರಲ್. ಸೈಡ್ ಸ್ಟ್ಯಾಂಡೋ ಡಬಲ್ ಸ್ಟ್ಯಾಂಡೋ, ಪುಸ್ತಕ ಹೇಳಿದ ಹಾಗೆ ನಿಲ್ಲಿಸಿ. ಎಂಜಿನ್ ಚಾಲೂ ಇಟ್ಟು ಚೈನ್ ಮುಟ್ಟಬಾರದು, ಬಟ್ಟೆ ಹಿಡಿದು ಒರೆಸಲೂಬಾರದು. ತಿರುಗುವ ಸ್ಪ್ರಾಕೆಟ್‌ಗೆ ಬೆರಳು ಕೊಟ್ಟವರಿಗೆ ಅದು ವಾಪಸ್ ಸಿಗಲ್ಲ. ಕೆಳಗಿನ ಚೈನಿನ ನಡುವಿನಲ್ಲಿ ಶಾಲೆಯ ಸ್ಕೇಲ್ ಹಿಡಿಯಿರಿ. ಚೈನನ್ನು ಕೆಳಕ್ಕೆ ಒತ್ತಿ ಒಂದು ಅಂಕಿ, ಮೇಲಕ್ಕೆ ಎತ್ತಿ ಇನ್ನೊಂದು ಅಂಕಿ. ವ್ಯತ್ಯಾಸವೇ ನಿಮ್ಮ ಸಡಿಲ. ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಚೈನ್ ಎಲ್ಲಾ ಕಡೆ ಒಂದೇ ಥರ ಸವೆಯಲ್ಲ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿನ ಅಂಕಿಯೇ ಲೆಕ್ಕ. ಒಂದು ಕಡೆಗೂ ಇನ್ನೊಂದು ಕಡೆಗೂ ತುಂಬಾ ವ್ಯತ್ಯಾಸ ಬಂದರೆ, ಅಥವಾ ಅಡ್ಜಸ್ಟರ್ ಕೊನೇ ಗೆರೆ ಮುಟ್ಟಿದ್ದರೆ, ಇನ್ನು ಎಳೆಯಬೇಡಿ. ಚೈನೂ ಎರಡೂ ಸ್ಪ್ರಾಕೆಟ್‌ಗಳೂ ಒಟ್ಟಿಗೆ ಬದಲಾಗಬೇಕು.

ಸರಿಮಾಡುವಾಗ ಆಕ್ಸಲ್ ನಟ್ ಸಡಿಲಿಸಿ ಎರಡೂ ಪಕ್ಕದ ಅಡ್ಜಸ್ಟರನ್ನು ಸಮವಾಗಿ ತಿರುಗಿಸಬೇಕು, ಸ್ವಿಂಗ್ ಆರ್ಮಿನ ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಆಗಿರಬೇಕು. ನಟ್ಟನ್ನು ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಯಾಕಂದ್ರೆ ಬಿಗಿಯುವಾಗ ಅಂಕಿ ಕದಲುತ್ತೆ. ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಯಾದರೆ, ಚಕ್ರ ಹಿಂದಕ್ಕೆ ಸರಿದಷ್ಟೂ ಬ್ರೇಕ್ ರಾಡ್ ಬಿಗಿಯಾಗುತ್ತೆ. ಬ್ರೇಕ್ ಪೆಡಲಿನ ಪ್ಲೇ ನೋಡದೆ ಹೊರಟರೆ ದಾರಿಯುದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಹೋಗ್ತೀರಿ. ಗ್ಯಾರೇಜಿನಲ್ಲಿ ಇದನ್ನೆಲ್ಲಾ ಮಾಡಿದರಾ ಅಂತ ನಿಂತು ನೋಡೋಕೆ ಇಷ್ಟು ಗೊತ್ತಿದ್ದರೆ ಸಾಕು.

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದಕ್ಕೆಂದು ಪೋರ್ಟಲ್ಲೂ ಬಂತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಹಕ್ಕು ಪೋರ್ಟಲ್ಲಿನಲ್ಲಿದ್ದು ಸ್ಪ್ಯಾನರ್ ಟೂಲ್ ಕಿಟ್ಟಿನಲ್ಲಿ ಇಲ್ಲದಿದ್ದರೆ ಹೊನ್ನಾಳಿಯ ರೈತನಿಗೆ ಏನು ಸಿಕ್ಕಿದ ಹಾಗಾಯಿತು? ಕಂಪನಿಗಳನ್ನು ಕೇಳಬೇಕಾದ್ದು ಸಣ್ಣ ಸಣ್ಣ ಸಂಗತಿಗಳು: ಸ್ವಿಂಗ್ ಆರ್ಮ್ ಮೇಲೆ ಅಳಿಸಿಹೋಗದ ಹಾಗೆ, ಕನ್ನಡದಲ್ಲಿ, ಆ ಒಂದು ಅಂಕಿ. ಆಕ್ಸಲ್ ನಟ್ಟಿಗೆ ಹಿಡಿಯುವ ಸ್ಪ್ಯಾನರ್ ಗಾಡಿ ಜೊತೆಗೇ. ಹಳ್ಳಿಗಳಲ್ಲಿ ಮಾರುವ ಗಾಡಿಗೆ, ಬೇಕು ಅಂದವರಿಗೆ, ಪೂರ್ತಿ ಚೈನ್ ಕವರ್. ಬೆಲ್ಟ್ ಇದ್ದರೆ ಅದರ ಬಿಗಿತ ಎಷ್ಟಿರಬೇಕು, ಯಾವಾಗ ನೋಡಿಸಬೇಕು ಅನ್ನೋದು ಬಚ್ಚಿಡದೆ ಪುಸ್ತಕದಲ್ಲಿ.

ಅವರು ಕೊಡುವವರೆಗೆ ಕಾಯಬೇಕಾಗಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಹಟ್ಟಿಯ ಪಕ್ಕ ನಿಂತಿರುವ ನಿಮ್ಮ ಹಳೇ ಗಾಡಿಯ ಕೆಳಗೆ ಒಂದು ಸ್ಕೇಲ್ ಹಿಡಿದು ಕೂತ್ಕೊಳ್ಳಿ. ಅಂಕಿ ಮೀರಿದ್ದರೆ ಸರಿಮಾಡಿಸಿ. ಚೈನ್ ಮುಗಿದಿದ್ದರೆ ಕಿಟ್ ಹಾಕಿಸಿ, ನಮ್ಮ ಒಂದು ವಾರಾಂತ್ಯದ ಊಟದ ಬಿಲ್ಲಿಗಿಂತ ಅದೇನೂ ದೊಡ್ಡದಲ್ಲ. ಆಮೇಲೆ ಟ್ಯಾಂಕಿನ ಪಕ್ಕ ಪೇಂಟಿನಲ್ಲಿ ಆ ಅಂಕಿ ಬರೆದು, ಅಪ್ಪಾಜಿಗೆ ಬೆರಳಿಟ್ಟು ತೋರಿಸಿ: "ಇಷ್ಟು ಆಡ್ಬೇಕು. ಗ್ಯಾರೇಜಲ್ಲಿ ಟೈಟ್ ಮಾಡ್ತೀನಿ ಅಂದ್ರೂ ಬೇಡ ಅನ್ನಿ." ಗ್ಯಾರೇಜಿನ ಹುಡುಗನೂ ಅದನ್ನು ಓದ್ತಾನೆ. ಮುಂದಿನ ಗಾಡಿಗೆ ಆತನೂ ಸ್ಕೇಲ್ ಹಿಡಿಯಬಹುದು.